ಹಾಲಿನ ಚೀಲಕ್ಕೂ ಪೇಟೆಂಟೇ?

ನಮ್ಮ ಸಂಘದಲ್ಲಿ ಡಾಕ್ಟರುಗಳಿದ್ದಾರೆ, ಇಂಜಿನಿಯರುಗಳಿದ್ದಾರೆ, ಕಂಪ್ಯೂಟರಿನವರಂತೂ ಕೇಳುವುದೇ ಬೇಡ. ಅವರು ಏನು ಕೆಲಸ ಮಾಡುತ್ತಾರೆಂದು ಯಾರೂ ವಿಚಾರಿಸುವುದಿಲ್ಲ. ರಸಾಯನ ಶಾಸ್ತ್ರದವರ ಪಾಡು ಹಾಗಲ್ಲ. "ಏನು ಸಂಶೋಧನೆ?" ಎಂದು ಕೇಳಿದವರಿಗೆ "ಪ್ಲಾಸ್ಟಿಕ್ ಚೀಲದ ಮೇಲೆ" ಎಂದರೆ ಅವರ ಮುಖದಲ್ಲಿ ಒಂದು ಅನುಕಂಪದ ಛಾಯೆ ಹಾದು ಹೋಗುತ್ತದೆ. ಇಷ್ಟು ಓದಿ, ಪಿಎಚ್.ಡಿ. ಮಾಡಿ, ಸಮುದ್ರ ದಾಟಿ ಬಂದು ಕೊನೆಗೆ ಚೀಲವೆ! ಅದರ ಮೇಲೆ "ಪೇಟೆಂಟಿಗೆ ಅರ್ಜಿ ಹಾಕಿದ್ದೇವೆ" ಎಂದರೆ ಅನುಕಂಪ ಅನುಮಾನಕ್ಕೆ ತಿರುಗುತ್ತದೆ. ಚೀಲಕ್ಕೂ ಪೇಟೆಂಟೇ? ಅದರಲ್ಲಿ ಹೊಸದು ಏನಿರುತ್ತದೆ?

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಏಕೆಂದರೆ ಕಳೆದ ಕೆಲವು ವರ್ಷಗಳಿಂದ ವಕೀಲರು, ಪೇಟೆಂಟ್ ಕಚೇರಿಯ ಪರೀಕ್ಷಕರು, ನನ್ನ ಮೇಲಧಿಕಾರಿಗಳು, ಎಲ್ಲರೂ ನನ್ನನ್ನು ಕೇಳಿದ್ದು ಇದೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವಾಗ ಒಬ್ಬ ಮನುಷ್ಯನ ಹೆಸರಿನ ಪ್ರಶ್ನೆಯೂ ಎದ್ದು ಬಂತು. ಎರಡನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ಚೀಲದ ಕುಲಗೋತ್ರ. ಒಂಟಾರಿಯೋಗೆ ಬಂದಿಳಿದ ಕನ್ನಡಿಗರಿಗೆ ಇಲ್ಲಿನ ಅಂಗಡಿಯಲ್ಲಿ ಕಣ್ಣಿಗೆ ಪರಿಚಿತವಾಗಿ ಕಾಣುವ ಪದಾರ್ಥ ಒಂದಿದ್ದರೆ ಅದು ಚೀಲದ ಹಾಲು. ಅಮೆರಿಕದ ನೆಂಟರು ಬಂದಾಗ ಇದನ್ನು ನೋಡಿ ನಗುತ್ತಾರೆ. ನಾವು ನಗುವುದಿಲ್ಲ. ನಂದಿನಿ ಪಾಕೀಟಿನ ಮೂಲೆ ಕತ್ತರಿಸಿ ಬೆಳೆದ ಕೈಗೆ ಇದೇನು ಹೊಸದು? ಅಲ್ಲಿ ಅರ್ಧ ಲೀಟರಿನ ಪಾಕೀಟು, ಇಲ್ಲಿ ನಾಲ್ಕು ಲೀಟರಿಗೆ ಮೂರು ಚೀಲ, ವ್ಯತ್ಯಾಸ ಅಷ್ಟೆ. ಕೆನಡದಲ್ಲಿ ಹಾಲನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ತುಂಬುವ ಪದ್ಧತಿಯನ್ನು ಡ್ಯೂಪಾಂಟ್ ಕೆನಡ ಕಂಪೆನಿ 1967ರಲ್ಲಿ ತಂದಿತು. ಅಳತೆ ಮೆಟ್ರಿಕ್ ಪದ್ಧತಿಗೆ ಬದಲಾದಾಗ ಗಾಜಿನ ಸೀಸೆಗಿಂತ ಚೀಲದ ಅಳತೆ ಬದಲಾಯಿಸುವುದು ಸುಲಭವಾಗಿ, ಅದು ನೆಲೆಯೂರಿತು.

ಆ ಪಾಕೀಟು, ಈ ಚೀಲ, ಎರಡೂ ಪಾಲಿಥೀನಿನ ಮಕ್ಕಳು. ಪಾಲಿಥೀನ್ ಹುಟ್ಟಿದ್ದು 1933ರ ಮಾರ್ಚಿಯಲ್ಲಿ, ಇಂಗ್ಲೆಂಡಿನ ಚೆಷೈರ್ ಪ್ರಾಂತದ ವಿನ್ನಿಂಗ್ಟನ್ನಿನಲ್ಲಿದ್ದ ಐಸಿಐ ಕಂಪೆನಿಯ ಪ್ರಯೋಗಶಾಲೆಯಲ್ಲಿ. ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಂಬಿಬ್ಬರು ಎಥಿಲೀನ್ ಅನಿಲವನ್ನೂ ಬೆನ್ಜಾಲ್ಡಿಹೈಡನ್ನೂ ಸಾವಿರಕ್ಕೂ ಮಿಕ್ಕಿದ ವಾಯುಭಾರದ ಒತ್ತಡದಲ್ಲಿ ಬೆರೆಸಲು ಹೊರಟಿದ್ದರು. ಬೇಕಾಗಿದ್ದು ಸಿಗಲಿಲ್ಲ. ಪಾತ್ರೆಯ ತಳದಲ್ಲಿ ಮೇಣದಂಥ ಬಿಳಿಯ ಪದಾರ್ಥ ಒಂದಿಷ್ಟು ಉಳಿದಿತ್ತು. ಅದನ್ನು ಮತ್ತೆ ಮಾಡಿ ತೋರಿಸಲು 1935ರ ಡಿಸೆಂಬರಿನವರೆಗೆ, ಮೈಕೆಲ್ ಪೆರಿನ್ ಅವರ ಪ್ರಯೋಗದವರೆಗೆ, ಕಾಯಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ ರಾಡಾರಿನ ತಂತಿಗಳಿಗೆ ಹೊದಿಕೆಯಾಗಿ ಅದು ದೇಶ ಕಾಯಿತು. 1953ರಲ್ಲಿ ಜರ್ಮನಿಯ ಕಾರ್ಲ್ ಸೀಗ್ಲರ್ ಅಷ್ಟೆಲ್ಲ ಒತ್ತಡವಿಲ್ಲದೆಯೇ ಪಾಲಿಥೀನ್ ಮಾಡುವ ದಾರಿ ಕಂಡುಹಿಡಿದು, 1963ರಲ್ಲಿ ಇಟಲಿಯ ನಟ್ಟಾ ಅವರೊಂದಿಗೆ ನೊಬೆಲ್ ಬಹುಮಾನ ಹಂಚಿಕೊಂಡರು. 1960ರಲ್ಲಿ ನಮ್ಮ ಒಂಟಾರಿಯೋದ ಸಾರ್ನಿಯ ಪಕ್ಕದಲ್ಲೇ ಮತ್ತೊಂದು ಬಗೆ ತಯಾರಾಗತೊಡಗಿತು. ಇದಕ್ಕೆ ಲೀನಿಯರ್ ಲೋ ಡೆನ್ಸಿಟಿ ಪಾಲಿಥೀನ್ ಎಂಬ ಉದ್ದನೆಯ ಹೆಸರು.

ಹೆಸರಿಗೆ ಹೆದರಬೇಡಿ. ಮೂವರೂ ಒಂದೇ ಮನೆಯ ಅಣ್ಣತಮ್ಮಂದಿರು. ಎಲ್ಲರಲ್ಲೂ ಇರುವುದು ಇಂಗಾಲ ಮತ್ತು ಜಲಜನಕದ ಉದ್ದುದ್ದ ಸರಪಳಿಯೇ. ಸರಪಳಿ ನೇರವಾಗಿದ್ದರೆ ಒತ್ತೊತ್ತಾಗಿ ಕೂರುತ್ತದೆ, ಬಿರುಸಾಗುತ್ತದೆ. ಇದು ಹೈ ಡೆನ್ಸಿಟಿ. ಆಲದ ಮರದಂತೆ ಕೊಂಬೆ ಚಾಚಿದ್ದರೆ ಒತ್ತಾಗಿ ಕೂರಲಾಗದೆ ಮೆತ್ತಗಾಗುತ್ತದೆ. ಇದು ಲೋ ಡೆನ್ಸಿಟಿ. ನೇರ ಕಾಂಡಕ್ಕೆ ಗಿಡ್ಡ ಗಿಡ್ಡ ಕೊಂಬೆ ಮಾತ್ರ ಇದ್ದರೆ, ಎಳೆದರೂ ಚುಚ್ಚಿದರೂ ಸುಲಭಕ್ಕೆ ಹರಿಯದ ಗಟ್ಟಿತನ ಬರುತ್ತದೆ. ಅದೇ ಲೀನಿಯರ್.

ಒಬ್ಬನಲ್ಲಿರುವ ಗುಣ ಇನ್ನೊಬ್ಬನಲ್ಲಿಲ್ಲ. ಆದ್ದರಿಂದಲೇ ಪದರಗಳು. ಚಿರೋಟಿಯನ್ನು ನೆನಪಿಸಿಕೊಳ್ಳಿ. ಒಂದರ ಮೇಲೊಂದು ಹಾಳೆ, ನಡುವೆ ತುಪ್ಪ ಮತ್ತು ಅಕ್ಕಿಹಿಟ್ಟಿನ ಲೇಪ. ಕರಿದಾಗ ಹಾಳೆಗಳು ಬಿಡಿಸಿಕೊಂಡು ಅರಳಬೇಕು, ಅದು ಚಿರೋಟಿಯ ಸೊಗಸು. ನಮ್ಮ ಫಿಲ್ಮು ಚಿರೋಟಿಗೆ ತದ್ವಿರುದ್ಧ. ಪದರಗಳು ಏನೇ ಆದರೂ ಬಿಡಬಾರದು. ಎರಡು ಮೂರು ಯಂತ್ರಗಳಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ಕನ್ನು ಕರಗಿಸಿ, ಉಂಗುರದಂಥ ಒಂದೇ ಸಂದಿಯ ಮೂಲಕ ಒಟ್ಟಿಗೆ ಹೊರದೂಡಿ, ಒಳಗಿನಿಂದ ಗಾಳಿ ಊದುತ್ತೇವೆ. ಮಕ್ಕಳು ಸೋಪಿನ ಗುಳ್ಳೆ ಊದಿದಂತೆ ಒಂದು ಪ್ಲಾಸ್ಟಿಕ್ ಗುಳ್ಳೆ ಮಾಳಿಗೆಯೆತ್ತರಕ್ಕೆ ಏಳುತ್ತದೆ. ಮೇಲೆ ರೋಲರುಗಳು ಅದನ್ನು ಚಪ್ಪಟೆ ಮಾಡಿ ಸುತ್ತಿಕೊಳ್ಳುತ್ತವೆ. ಹೀಗೆ ಬಂದ ಹಾಲಿನ ಫಿಲ್ಮಿನ ಒಟ್ಟು ದಪ್ಪ ಐವತ್ತು ಮೈಕ್ರಾನಿನ ಆಸುಪಾಸು. ಅಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಆ ಕೂದಲೆಳೆಯೊಳಗೇ ಮೂರು ಪದರ, ಐದು ಪದರ. ಒಳಗಿನದು ಕಡಿಮೆ ಶಾಖದಲ್ಲೇ ಬೆಸೆದುಕೊಳ್ಳಬೇಕು. ನಡುವಿನದು ಬಿರುಸು ಕೊಡಬೇಕು. ಹೊರಗಿನದು ಅಚ್ಚು ಹಿಡಿಯಬೇಕು, ತರಚಬಾರದು.

ಕುರುಕಲು ತಿಂಡಿ, ಮಾಂಸ, ಕಾಫಿಪುಡಿಯ ಪೊಟ್ಟಣಗಳ ಕಥೆ ಇನ್ನೂ ಜಟಿಲ. ಪಾಲಿಥೀನ್ ನೀರನ್ನು ಚೆನ್ನಾಗಿ ತಡೆಯುತ್ತದೆ; ಆಮ್ಲಜನಕವನ್ನು ತಡೆಯಲಾರದು. ಅದಕ್ಕಾಗಿ ನೈಲಾನ್, ಪಾಲಿಯೆಸ್ಟರ್, ಅಲ್ಯುಮಿನಿಯಂ ಹಾಳೆ ಎಂದು ಬೇರೆ ಜಾತಿಯ ಪದರಗಳನ್ನು ಕೂಡಿಸುತ್ತಾರೆ. ಪಾಲಿಥೀನ್ ಇವರೊಡನೆ ಎಣ್ಣೆ ನೀರಿನಂತೆ. ಕೂಡಿಸಲು ನಡುವೆ ಅಂಟಿನ ಪದರ ಬೇಕು. ಆಹಾರ ಕೆಡದೆ ಉಳಿಯುತ್ತದೆ, ಸರಿ. ಆದರೆ ಖಾಲಿಯಾದ ಮೇಲೆ ಈ ಮದುವೆಯನ್ನು ಬಿಡಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. ಕರಗಿಸಿ ಮತ್ತೆ ಬಳಸಲಾಗದೆ ಅದು ಗುಂಡಿಗೋ ಬೆಂಕಿಗೋ ಹೋಗುತ್ತದೆ. ಆದ್ದರಿಂದ ಈಚೆಗೆ ನಮ್ಮಂಥವರ ಕೆಲಸವೆಲ್ಲ ಒಂದೇ ದಿಕ್ಕಿಗೆ: ಎಲ್ಲ ಪದರಗಳೂ ಪಾಲಿಥೀನೇ ಆಗಿರಬೇಕು, ಆದರೂ ಪಾಲಿಯೆಸ್ಟರಿನ ಬಿರುಸು ಬರಬೇಕು. ಆಗ ಒಟ್ಟಿಗೇ ಕರಗಿಸಬಹುದು. ಅಣ್ಣತಮ್ಮಂದಿರಲ್ಲೇ ಸಂಸಾರ ನಡೆಸುವ ಪ್ರಯತ್ನವೆನ್ನಿ.

ಇನ್ನು ಪೇಟೆಂಟಿನ ವಿಚಾರ. ಪೇಟೆಂಟ್ ಎಂದರೆ ಬಹುಮಾನವಲ್ಲ, ಪದವಿಯಲ್ಲ, ಅದೊಂದು ಚೌಕಾಸಿ. "ನಿನ್ನ ಗುಟ್ಟನ್ನು ಊರಿಗೆಲ್ಲ ತಿಳಿಯುವಂತೆ ಬರೆದುಕೊಡು; ಪ್ರತಿಯಾಗಿ ಇಷ್ಟು ವರ್ಷ ಅದನ್ನು ಬೇರೆಯವರು ಮಾಡದಂತೆ ತಡೆಯುವ ಹಕ್ಕು ಕೊಡುತ್ತೇವೆ" ಎಂದು ಸರಕಾರ ಹೇಳುತ್ತದೆ. ವೆನಿಸ್ ನಗರ 1474ರಲ್ಲೇ ಇಂಥ ಕಾನೂನು ಮಾಡಿತ್ತು. ಇಂಗ್ಲೆಂಡಿನ 1624ರ ಕಾನೂನು ಹದಿನಾಲ್ಕು ವರ್ಷ ಕೊಟ್ಟಿತು. ಈಗ ಕೆನಡದಲ್ಲೂ ಭಾರತದಲ್ಲೂ ಅರ್ಜಿ ಹಾಕಿದ ದಿನದಿಂದ 20 ವರ್ಷ. ಅವಧಿ ಮುಗಿದ ಮೇಲೆ ಅದು ಊರ ಬಾವಿಯ ನೀರು, ಯಾರು ಬೇಕಾದರೂ ಸೇದಬಹುದು. ಪಾಲಿಥೀನಿನ ಮೂಲ ಪೇಟೆಂಟು ಮುಗಿದು ತಲೆಮಾರುಗಳೇ ಕಳೆದವು.

ಆ ಹಕ್ಕು ಪಡೆಯಲು ಮೂರು ಬಾಗಿಲು ದಾಟಬೇಕು. ಒಂದು, ಹೊಸದಾಗಿರಬೇಕು. ಎರಡು, ಉಪಯೋಗ ಇರಬೇಕು. ಮೂರು, ಬಲ್ಲವರಿಗೆ ತಾನಾಗಿಯೇ ಹೊಳೆಯುವಂಥದ್ದು ಆಗಿರಬಾರದು.

ಹೊಸದು ಎಂದರೆ ಏನೆಂಬುದಕ್ಕೆ ನಮ್ಮ ಅರಿಸಿನದ ಉದಾಹರಣೆ ಸಾಕು. ಗಾಯ ಮಾಯಲು ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕ ಪೇಟೆಂಟ್ ಕೊಟ್ಟುಬಿಟ್ಟಿತು. ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಮುಂದಿಟ್ಟು ತಕರಾರು ಹೂಡಿ, 1997ರಲ್ಲಿ ಅದನ್ನು ರದ್ದು ಮಾಡಿಸಿತು. ನಮ್ಮ ಅಜ್ಜಿಯರು ಗೆದ್ದರು. ಹೊಸತನದ ವಿಷಯದಲ್ಲಿ ಇನ್ನೊಂದು ಕಟ್ಟುಪಾಡೂ ಇದೆ. ಅರ್ಜಿ ಹಾಕುವ ಮೊದಲು ನೀವೇ ಬಾಯಿಬಿಟ್ಟರೂ ಹೊಸತನ ಹೋಗುತ್ತದೆ. ಕೆನಡ, ಅಮೆರಿಕಗಳಲ್ಲಿ ಒಂದು ವರ್ಷದ ರಿಯಾಯಿತಿ ಉಂಟು. ಯೂರೋಪಿನಲ್ಲಿ ಅದೂ ಇಲ್ಲ. ಹಿಂದೊಮ್ಮೆ ಯುಗಾದಿ ಊಟದಲ್ಲಿ "ಈಗ ಏನು ನಡೀತಿದೆ?" ಎಂದು ಕೇಳಿದವರಿಗೆ ನಾನು ಹವಾಮಾನದ ಬಗ್ಗೆ ಉತ್ತರ ಕೊಟ್ಟದ್ದು ಜಂಬದಿಂದಲ್ಲ, ಈ ಕಾರಣದಿಂದ. ಈಗ ನಮ್ಮ ಅರ್ಜಿ ಪ್ರಕಟವಾಗಿದೆ, ಬಾಯಿ ಬಿಡಬಹುದು.

ಕಷ್ಟವೆಲ್ಲ ಮೂರನೆಯ ಬಾಗಿಲಿನದು. ಪದರದ ಫಿಲ್ಮುಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ. ಅಮೆರಿಕದಲ್ಲಿ 1851ರಷ್ಟು ಹಿಂದೆಯೇ ಬಾಗಿಲ ಹಿಡಿಯ ಮೇಲೆ ಒಂದು ಪ್ರಸಿದ್ಧ ಮೊಕದ್ದಮೆ ನಡೆಯಿತು. ಮರ ಅಥವಾ ಲೋಹದ ಹಿಡಿಯ ಬದಲು ಸುಟ್ಟ ಮಣ್ಣಿನ ಹಿಡಿ ಮಾಡಿದ್ದಕ್ಕೆ ಪೇಟೆಂಟ್ ಇತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಸ್ತು ಬದಲಾಯಿಸುವುದು ನುರಿತ ಕೆಲಸಗಾರನ ಕೆಲಸ, ಸಂಶೋಧಕನದಲ್ಲ ಎಂದಿತು. ಭಾರತದ ಸುಪ್ರೀಂ ಕೋರ್ಟಿನ ಮುಂದೆ ಪಾತ್ರೆಯ ಪ್ರಶ್ನೆ ಬಂತು. ಪಾತ್ರೆಗೆ ಹೊಳಪು ಕೊಡುವಾಗ ಅದನ್ನು ಯಂತ್ರದಲ್ಲಿ ಹಿಡಿದಿಡುವ ಒಂದು ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು. 1978ರ ಡಿಸೆಂಬರಿನಲ್ಲಿ ತೀರ್ಪು ಬಂತು: ಇದು ಕಾರ್ಖಾನೆಯ ಸಾಧಾರಣ ಸುಧಾರಣೆ, ಗೊತ್ತಿರುವ ಸಂಗತಿಗಳನ್ನು ಕೂಡಿಸಿದರೆ ಸಾಲದು, ಕೂಡಿಕೆಯಿಂದ ಹೊಸ ಫಲ ಬರಬೇಕು. ಭಾರತದ 1970ರ ಪೇಟೆಂಟ್ ಕಾಯಿದೆಯ ಮೂರನೆಯ ಪ್ರಕರಣವೂ, ಬಲ್ಲ ಸಾಧನಗಳನ್ನು ಸುಮ್ಮನೆ ಜೋಡಿಸುವುದು, ಅದಲು ಬದಲು ಮಾಡುವುದು ಸಂಶೋಧನೆಯಲ್ಲ ಎನ್ನುತ್ತದೆ. ಪ್ರತಿಯೊಂದೂ ತನ್ನ ಪಾಡಿಗೆ ತಾನು ಹಳೆಯ ಕೆಲಸವನ್ನೇ ಮಾಡಿಕೊಂಡಿದ್ದರೆ.

ಈ ಕೊನೆಯ ಮಾತೇ ಮುಖ್ಯ. ಹೋಳಿಗೆಯಲ್ಲಿ ಬೇಳೆ ಹೂರಣದ ಬದಲು ಕಾಯಿ ಹೂರಣ ತುಂಬಿದರೆ ರುಚಿ ಬದಲಾದೀತು, ಸಂಶೋಧನೆ ಆಗದು. ಬಿರುಸಿನ ಪದರ ಬಿರುಸು ಕೊಟ್ಟು, ಬೆಸೆಯುವ ಪದರ ಬೆಸೆದುಕೊಂಡು, ಒಟ್ಟು ಲೆಕ್ಕ ಕೂಡಿಸಿದಷ್ಟೇ ಬಂದರೆ ಪರೀಕ್ಷಕರು ಅರ್ಜಿಯನ್ನು ಹಿಂದಕ್ಕೆ ಕಳಿಸುತ್ತಾರೆ, ಅದು ನ್ಯಾಯವೂ ಹೌದು. ಎರಡೂ ಎರಡೂ ಐದಾಗಬೇಕು. ಐದಾಗುತ್ತದೆಂದು ಮೊದಲೇ ಯಾರಿಗೂ ತೋಚಿರಬಾರದು.

ತೋಚುವುದು ಎಂದರೆ ಯಾರಿಗೆ? ಕಾನೂನು ಇದಕ್ಕಾಗಿ ಒಬ್ಬ ವಿಚಿತ್ರ ವ್ಯಕ್ತಿಯನ್ನು ಸೃಷ್ಟಿಸಿದೆ. ಆತ ತನ್ನ ಕಸುಬಿನಲ್ಲಿ ಪ್ರಕಟವಾದದ್ದನ್ನೆಲ್ಲ ಬಲ್ಲ, ಕೈ ಪಳಗಿದೆ, ತರ್ಕದಲ್ಲಿ ತಪ್ಪುವುದಿಲ್ಲ, ಆದರೆ ಕಲ್ಪನೆಯ ಒಂದು ಹನಿಯೂ ಇಲ್ಲ. 1986ರಲ್ಲಿ ಕೆನಡದ ಫೆಡರಲ್ ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿ ಹ್ಯೂಗೆಸ್ಸನ್ ಕಾಗದದ ಯಂತ್ರದ ಮೊಕದ್ದಮೆಯೊಂದರಲ್ಲಿ ಈ ಮಹಾಶಯನ ಚಿತ್ರವನ್ನು ಸ್ವಲ್ಪ ವಿನೋದವಾಗಿಯೇ ಬರೆದಿದ್ದಾರೆ. ಆತನಿಗೆ ಹೊಳೆಯುವಂಥದ್ದಾದರೆ ಪೇಟೆಂಟ್ ಇಲ್ಲ. ಉತ್ತರ ತಿಳಿದ ಮೇಲೆ ಯಾವ ಒಗಟಾದರೂ "ಅಷ್ಟೇನಾ!" ಅನ್ನಿಸುತ್ತದಲ್ಲವೆ? ಹಾಗನ್ನಿಸದಂತೆ, ಉತ್ತರ ತಿಳಿಯುವ ಮೊದಲಿನ ದಿನಕ್ಕೆ ಹೋಗಿ ನಿಂತು ಯೋಚಿಸಬೇಕು. ಪರೀಕ್ಷಕರ ಕೆಲಸ ಸುಲಭವಲ್ಲ.

ಇನ್ನು ನಮ್ಮ ಫಿಲ್ಮಿನ ಕಥೆ. ಪ್ರಕಟವಾಗಿರುವಷ್ಟನ್ನು, ಸರಳವಾಗಿ ಹೇಳುತ್ತೇನೆ. ಎಲ್ಲವೂ ಪಾಲಿಥೀನೇ ಆದ ಫಿಲ್ಮು. ನನ್ನ ನಕ್ಷೆಯಲ್ಲಿ ಬಿರುಸಿನ ಪದರದ ಒಂದು ಪಕ್ಕದಲ್ಲಿ ಗಟ್ಟಿ ಪದರ ಒಂದೇ ಮುದ್ದೆಯಾಗಿ ಇತ್ತು. ಬಿರುಸು ಬಂತು, ಆದರೆ ಚುಚ್ಚಿದರೆ ತೂತು ಬೀಳುತ್ತಿತ್ತು. ಒಂದು ಭಾರದ ಗುಂಡುತಲೆಯ ಮೊಳೆಯನ್ನು ಗೊತ್ತಾದ ಎತ್ತರದಿಂದ ಫಿಲ್ಮಿನ ಮೇಲೆ ಬೀಳಿಸಿ ನೋಡುವ ಪರೀಕ್ಷೆಯೊಂದಿದೆ. ಅದರಲ್ಲಿ ನಮ್ಮ ಫಿಲ್ಮು ದಿನವೂ ಸೋಲುತ್ತಿತ್ತು.

ಗುಳ್ಳೆ ಊದುವ ಯಂತ್ರವನ್ನು ನಡೆಸುವವರು ಒಬ್ಬ ಹಿರಿಯ ಆಪರೇಟರ್. ಆ ಯಂತ್ರದ ಮುಂದೆ ಮೂವತ್ತು ವರ್ಷ ನಿಂತವರು. ಒಂದು ಮಧ್ಯಾಹ್ನ ಅವರು, ಗಟ್ಟಿ ಪದರವನ್ನು ಎರಡು ಪಾಲು ಮಾಡಿ ಬಿರುಸಿನ ಪದರದ ಎರಡೂ ಪಕ್ಕಕ್ಕೆ ಹಾಕಿ ನೋಡೋಣವೇ ಎಂದರು. ಅವರ ಕಾರಣ ಬೇರೆ. ಗುಳ್ಳೆ ಒಂದೇ ಕಡೆ ವಾಲುತ್ತಿದೆ, ಹೀಗೆ ಮಾಡಿದರೆ ನೆಟ್ಟಗೆ ನಿಂತೀತು ಎಂಬುದು ಅವರ ಲೆಕ್ಕ. ಪಕ್ಕದಲ್ಲಿ ಒಂದು ಯಂತ್ರ ಖಾಲಿ ಇತ್ತು, ಮಾಡಿದೆವು. ಅದೇ ಪದಾರ್ಥ, ಅದೇ ತೂಕ, ಅದೇ ದಪ್ಪ. ಬದಲಾದದ್ದು ಜಾಗ ಮಾತ್ರ. ಮೊಳೆ ಬಿತ್ತು, ಫಿಲ್ಮು ತೂತಾಗಲಿಲ್ಲ. ಭಾರ ಏರಿಸಿದೆವು, ಆಗಲೂ ಆಗಲಿಲ್ಲ. ಪರೀಕ್ಷೆಯಲ್ಲೇ ಏನೋ ದೋಷವಿರಬೇಕೆಂದು ಮೂರು ದಿನ ಮತ್ತೆ ಮತ್ತೆ ನೋಡಿದೆವು. ದೋಷವಿರಲಿಲ್ಲ.

ಏಕೆ ಹೀಗಾಯಿತೆಂದು ತಿಳಿಯಲು ನನಗೆ ಹಲವು ತಿಂಗಳು ಬೇಕಾದವು. ಬಿರುಸು ಪದರದಲ್ಲಿ ಹುಟ್ಟಿದ ಬಿರುಕು ಎರಡು ಕಡೆಯೂ ಗಟ್ಟಿ ಪದರಕ್ಕೆ ತಾಗಿ ನಿಲ್ಲುತ್ತಿತ್ತು. ಹಿಂದಿನ ಜೋಡಣೆಯಲ್ಲಿ ಒಂದು ಕಡೆ ಅದಕ್ಕೆ ಬಾಗಿಲು ತೆರೆದೇ ಇತ್ತು. ಯಾವ ಪ್ರಮಾಣದಲ್ಲಿ ಪಾಲು ಮಾಡಿದರೆ ಈ ಗುಣ ಬರುತ್ತದೆ, ಎಲ್ಲಿ ಮಾಯವಾಗುತ್ತದೆ ಎಂಬ ಮೇರೆಯನ್ನೂ ಕಂಡುಕೊಂಡೆ. ವರದಿ ಬರೆದೆ. ಅರ್ಜಿಯ ಫಾರಂ ಬಂತು. ಅದರಲ್ಲಿ "ಸಂಶೋಧಕರ ಹೆಸರು" ಎಂಬ ಜಾಗ. ನಾನು ಎರಡು ಹೆಸರು ಬರೆದೆ.

ಮೇಲಿನಿಂದ ಒಂದು ಹೆಸರು ಹೊಡೆದು ಹಾಕಿ ಫಾರಂ ಹಿಂದಕ್ಕೆ ಬಂತು. ಕಾರಣ ಕೇಳಿದೆ. "ಆತ ತನ್ನ ಕೆಲಸ ಮಾಡಿದ್ದಾನೆ. ಯಂತ್ರ ನಡೆಸುವ ಯಾರಾದರೂ ಅದನ್ನೇ ಹೇಳುತ್ತಿದ್ದರು. ಬೇಕಾದರೆ ಒಂದು ಕೇಕ್ ತರಿಸಿ ಸನ್ಮಾನ ಮಾಡೋಣ" ಎಂಬ ಉತ್ತರ ಬಂತು. ದ್ವೇಷದಿಂದ ಹೇಳಿದ ಮಾತಲ್ಲ. ಅವರಿಗೆ ಅದು ಸಹಜವೆಂದೇ ತೋರಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಗಾದೆ. ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಹೋಗುವುದನ್ನು ಗಾದೆ ಹೇಳುವುದಿಲ್ಲ.

ನನಗೆ ಸಿಟ್ಟು ಬಂದದ್ದು ನಿಜ. ಆದರೆ ಸಿಟ್ಟಿನಿಂದ ಕಚೇರಿಯ ಕಾಗದ ಬದಲಾಗುವುದಿಲ್ಲ. ಮನೆಗೆ ಬಂದು ಆ ಉತ್ತರವನ್ನೇ ಮತ್ತೆ ಓದಿದೆ. ಓದುತ್ತ ಅದರ ಒಳಗೇ ಉತ್ತರ ಕಂಡಿತು. ಯಂತ್ರ ನಡೆಸುವ ಯಾರಾದರೂ ಅದನ್ನೇ ಹೇಳುತ್ತಿದ್ದರು ಎಂದ ಮೇಲೆ ಕಸುಬು ಬಲ್ಲವನಿಗೆ ಅದು ತಾನಾಗಿಯೇ ಹೊಳೆಯುತ್ತಿತ್ತು ಎಂದಾಯಿತು. ಹಾಗಿದ್ದರೆ ಮೂರನೆಯ ಬಾಗಿಲಲ್ಲೇ ಅರ್ಜಿ ಬಿದ್ದು ಹೋಯಿತು, ಪೇಟೆಂಟೇ ಇಲ್ಲ. ಇಲ್ಲ, ಅದು ಯಾರಿಗೂ ಹೊಳೆಯದ ಜೋಡಣೆ ಎನ್ನುವುದಾದರೆ, ಆ ಜೋಡಣೆ ಹೊಳೆದ ವ್ಯಕ್ತಿಯ ಹೆಸರು ಬಿಡಲು ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಲಾಗದು. ಇಷ್ಟನ್ನೇ ಅರ್ಧ ಪುಟದಲ್ಲಿ ಬರೆದು ಪೇಟೆಂಟ್ ವಕೀಲರಿಗೆ ಕಳಿಸಿದೆ.

ವಕೀಲೆ ಒಬ್ಬ ನಿಷ್ಠುರ ಹೆಂಗಸು. ನನ್ನ ತರ್ಕವನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಕಾನೂನಿನ ಆ ಕಲ್ಪಿತ ತಂತ್ರಜ್ಞ ಯಾವ ನಿಜವಾದ ಆಪರೇಟರೂ ಅಲ್ಲ, ಆತನನ್ನು ನಮ್ಮ ಕಾರ್ಖಾನೆಯಲ್ಲಿ ಹುಡುಕಬಾರದು ಎಂದರು. ಅದು ಸರಿಯೆ. ಆಮೇಲೆ 2002ರ ಒಂದು ತೀರ್ಪಿನ ವಿಷಯ ಹೇಳಿದರು. ಏಡ್ಸ್ ರೋಗಕ್ಕೆ ಕೊಡುವ ಎಜಡ್‌ಟಿ ಔಷಧದ ಮೊಕದ್ದಮೆ ಅದು. ಕಲ್ಪನೆ ಕಂಪೆನಿಯವರದ್ದು, ಅದು ನಿಜವೇ ಎಂದು ಪರೀಕ್ಷಿಸಿ ಹೇಳಿದವರು ಅಮೆರಿಕದ ಸರಕಾರಿ ಸಂಸ್ಥೆಯ ದೊಡ್ಡ ವಿಜ್ಞಾನಿಗಳು. ಪರೀಕ್ಷಿಸಿದವರು ಎಷ್ಟೇ ದೊಡ್ಡವರಾದರೂ ಸಹ ಸಂಶೋಧಕರಾಗುವುದಿಲ್ಲ, ಕಲ್ಪನೆ ಯಾರದೆಂಬುದೇ ಪ್ರಶ್ನೆ ಎಂದು ಕೆನಡದ ಸುಪ್ರೀಂ ಕೋರ್ಟ್ ಹೇಳಿತು. ಅದನ್ನು ಕೇಳಿ ನಾನು ಸ್ವಲ್ಪ ಬೆಚ್ಚಿದೆ. ಏಕೆಂದರೆ ಆ ಅಳತೆಗೋಲಿನಿಂದ ಅಳೆದರೆ ಹೊಡೆಯಬೇಕಾದ್ದು ನನ್ನ ಹೆಸರೇ ಆಗಬಹುದಿತ್ತು!

ಅವರು ನಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಿ ವಿಚಾರಿಸಿದರು. ಯಾರು ಏನು ಹೇಳಿದರು, ಯಾವ ದಿನ, ಪುಸ್ತಕದಲ್ಲಿ ಬರೆದಿದೆಯೆ? ಬರೆದಿತ್ತು. ಪಾಲು ಮಾಡುವ ಜೋಡಣೆ ಅವರದ್ದು; ಅದರಿಂದ ಚುಚ್ಚನ್ನು ತಡೆಯುವ ಗುಣ ಬರುತ್ತದೆ, ಈ ಮೇರೆಯೊಳಗೆ ಬರುತ್ತದೆ ಎಂಬುದು ನನ್ನದು. ಎರಡೂ ಸೇರಿ ಒಂದು ಸಂಶೋಧನೆ. ಎರಡೂ ಹೆಸರು ಇರಲೇಬೇಕು ಎಂದು ವಕೀಲೆ ಬರೆದುಕೊಟ್ಟರು. ಬೇಕೆಂದೇ ತಪ್ಪು ಹೆಸರು ಕೊಟ್ಟರೆ ಪೇಟೆಂಟಿಗೇ ಕುತ್ತು ಬಂದೀತು ಎಂಬ ಒಂದು ವಾಕ್ಯವನ್ನೂ ಸೇರಿಸಿದರು. ನ್ಯಾಯದ ಮಾತಿಗೆ ಆಗದ ಕೆಲಸ ಆ ವಾಕ್ಯದಿಂದ ಆಯಿತು. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಅವರ ಹೆಸರು ಮೊದಲು ಬಂತು, ನನ್ನದು ಎರಡನೆಯದು. ವಿಷಯ ತಿಳಿಸಿದಾಗ ಅವರು, ಅದಕ್ಕಾಗಿ ಯಾವುದಾದರೂ ಸಭೆಗೆ ಟೈ ಕಟ್ಟಿಕೊಂಡು ಹೋಗಬೇಕೇ ಎಂದು ಕೇಳಿದರು. ಇಲ್ಲವೆಂದು ಖಚಿತವಾದ ಮೇಲೆ ಸಂತೋಷಪಟ್ಟರು.

ಪರೀಕ್ಷಕರು ಮೊದಲ ಸುತ್ತಿನಲ್ಲಿ, ನಾವು ಹೆದರಿದಂತೆಯೇ, ಅರ್ಜಿಯನ್ನು ತಳ್ಳಿದರು. ಒಂದು ಹಳೆಯ ಪೇಟೆಂಟಿನಲ್ಲಿ ಇದೇ ಪದಾರ್ಥಗಳಿವೆ, ಇನ್ನೊಂದರಲ್ಲಿ ಪದರವನ್ನು ಪಾಲು ಮಾಡುವುದಿದೆ, ಎರಡನ್ನೂ ಕೂಡಿಸಿದರೆ ನಿಮ್ಮದಾಯಿತು ಎಂದರು. ನಾವು ಅಕ್ಕಪಕ್ಕ ಇಟ್ಟು ಪರೀಕ್ಷಿಸಿದ ಫಲಗಳನ್ನು ಕಳಿಸಿದೆವು: ಪಾಲು ಮಾಡದ್ದು, ಮಾಡಿದ್ದು, ಮೇರೆಯ ಒಳಗಿನದು, ಹೊರಗಿನದು. ಮೇರೆಯ ಹೊರಗೆ ಎರಡೂ ಎರಡೂ ನಾಲ್ಕೇ. ಒಳಗೆ ಮಾತ್ರ ಐದು. ಕೊನೆಗೆ ಪೇಟೆಂಟ್ ಸಿಕ್ಕಿತು, ಆದರೆ ಮೊದಲು ಕೇಳಿದ್ದಕ್ಕಿಂತ ಕಿರಿದಾಗಿ, ಆ ಮೇರೆಯೊಳಗಿನ ತುಂಡು ಜಾಗಕ್ಕೆ ಮಾತ್ರ. ದೊಡ್ಡ ಹೊಲ ಕೇಳಲು ಹೋಗಿ ಅರ್ಧ ಗುಂಟೆ ಪಡೆದೆವು. ಅದು ನಮಗೆ ಸಲ್ಲುವಷ್ಟೇ ಎಂದು ನನ್ನ ಅಭಿಪ್ರಾಯ.

ಅರ್ಧ ಗುಂಟೆಗೆ ಇಷ್ಟೆಲ್ಲ ಏಕೆ ಎಂದು ಕೇಳುವವರು ಡೌ ಮತ್ತು ನೋವಾ ಕಂಪೆನಿಗಳ ಕಥೆ ಕೇಳಬೇಕು. ತೆಳುವಾದರೂ ಗಟ್ಟಿಯಾದ ಪಾಲಿಥೀನ್ ಮಿಶ್ರಣಕ್ಕೆ ಡೌ ಕಂಪೆನಿ 1994ರಲ್ಲಿ ಕೆನಡದಲ್ಲಿ ಅರ್ಜಿ ಹಾಕಿ 2006ರಲ್ಲಿ ಪೇಟೆಂಟ್ ಪಡೆಯಿತು. ಕಸದ ಚೀಲ, ಸರಕಿನ ಹೊದಿಕೆ, ಆಹಾರದ ಪೊಟ್ಟಣ ಮಾಡುವ ಪ್ಲಾಸ್ಟಿಕ್ಕು. ನೋವಾ ಕಂಪೆನಿ ಅದನ್ನು ಉಲ್ಲಂಘಿಸಿದೆ ಎಂದು 2014ರಲ್ಲಿ ತೀರ್ಪಾಯಿತು. 2017ರಲ್ಲಿ ನಿಗದಿಯಾದ ಮೊತ್ತ ಸುಮಾರು 64 ಕೋಟಿ 50 ಲಕ್ಷ ಕೆನಡ ಡಾಲರು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಸದ ಚೀಲದ ಮಾತು, ಗಮನಿಸಿ! ಅಮೆರಿಕದಲ್ಲಿ ಮಾತ್ರ ಕಥೆ ಬೇರೆ ತಿರುವು ತೆಗೆದುಕೊಂಡಿತು. ಇದೇ ಬಗೆಯ ಮಿಶ್ರಣದ ಮೇಲಿನ ಡೌ ಪೇಟೆಂಟುಗಳಲ್ಲಿ, ಫಿಲ್ಮನ್ನು ಎಳೆದಾಗ ಅದು ಗಟ್ಟಿಯಾಗುವ ವೇಗಕ್ಕೆ ಒಂದು ಸಂಖ್ಯೆ ಕೊಟ್ಟಿದ್ದರು. ಅದನ್ನು ಯಾವ ವಿಧಾನದಿಂದ ಅಳೆಯಬೇಕೆಂದು ಹೇಳಿರಲಿಲ್ಲ. ವಿಧಾನ ಬದಲಾದರೆ ಉತ್ತರವೂ ಬದಲಾಗುತ್ತಿತ್ತು. ಮೊದಲು ಗೆದ್ದಿದ್ದ ಡೌ, 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯದಲ್ಲಿ ಈ ಅಸ್ಪಷ್ಟತೆಯ ಕಾರಣಕ್ಕೇ ಸೋತಿತು. ಒಂದು ಕಡೆ ಅರವತ್ತು ಕೋಟಿಗೂ ಮೀರಿದ ಗೆಲುವು. ಇನ್ನೊಂದು ಕಡೆ ಒಂದು ಅಳತೆಯ ವಿವರ ಬಿಟ್ಟದ್ದಕ್ಕೆ ಸೋಲು. ಈ ಕಥೆ ಓದಿದ ಮೇಲೆ ನಮ್ಮ ಅರ್ಜಿಯಲ್ಲಿ ಮೊಳೆಯ ತಲೆಯ ಅಗಲವನ್ನೂ ಬಿಡದೆ ಬರೆಸಿದೆ.

ಊರಿನಲ್ಲಿ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಎಲ್ಲ ಕೇಳಿ ಅವರು ಎರಡು ಪ್ರಶ್ನೆ ಕೇಳಿದರು. "ಆ ಪಾಕೀಟನ್ನು ತೊಳೆದು ಮತ್ತೆ ಉಪಯೋಗಿಸಬಹುದಾ?" ಕರಗಿಸಿ ಮತ್ತೆ ಮಾಡಬಹುದು ಎಂದೆ. "ಹಾಗಾದರೆ ಇಲ್ಲಿಯವರೂ ಮಾಡಬಹುದಾ, ಇಲ್ಲ ನಿಮ್ಮ ಕಂಪೆನಿಗೆ ದುಡ್ಡು ಕೊಡಬೇಕಾ?"

ಎರಡನೆಯ ಪ್ರಶ್ನೆ ಒಳ್ಳೆಯ ಪ್ರಶ್ನೆ. ಪೇಟೆಂಟ್ ಎಂಬುದು ದೇಶದೇಶಕ್ಕೆ ಬೇರೆ. ಕೆನಡದ ಪೇಟೆಂಟು ಕೆನಡದ ಗಡಿಯಲ್ಲಿ ನಿಲ್ಲುತ್ತದೆ. ಖರ್ಚಿನ ಕಾರಣದಿಂದ ನಮ್ಮವರು ಭಾರತದಲ್ಲಿ ಅರ್ಜಿ ಹಾಕಲಿಲ್ಲ. ಗಡುವು ಮುಗಿದಿದೆ, ಇನ್ನು ಹಾಕುವಂತೆಯೂ ಇಲ್ಲ. ಅಂದರೆ ಬೆಂಗಳೂರಿನ ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ಫಿಲ್ಮು ಊದುವ ಒಬ್ಬ ಸಣ್ಣ ಕಾರ್ಖಾನೆಯವನು ನಮ್ಮ ಪೇಟೆಂಟನ್ನು ಕಾಸು ಖರ್ಚಿಲ್ಲದೆ ಓದಿ, ಅಲ್ಲಿ ಬರೆದಿರುವಂತೆ ಪದರ ಪಾಲು ಮಾಡಿ, ಅಲ್ಲಿಯೇ ತಯಾರಿಸಿ ಅಲ್ಲಿಯೇ ಮಾರಿದರೆ ನಾವು ಅವನನ್ನು ಏನೂ ಕೇಳುವಂತಿಲ್ಲ. ಅಲ್ಲಿ ಬೇರೊಬ್ಬರ ಪೇಟೆಂಟು ಅಡ್ಡ ಬರುತ್ತದೆಯೇ ಎಂದು ಮಾತ್ರ ಅವನು ನೋಡಿಕೊಂಡರೆ ಸಾಕು. ಬರೆದುಕೊಡುವುದೇ ಈ ಚೌಕಾಸಿಯ ನಮ್ಮ ಪಾಲು. ನಾವು ಬಿಡದೆ ಬರೆದಿದ್ದೇವೆ, ಮೊಳೆಯ ತಲೆಯ ಅಗಲದವರೆಗೆ.

ಪೇಟೆಂಟುಗಳನ್ನು ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಭಾಷೆ ಒರಟು, ವಾಕ್ಯಗಳು ಮೈಲುದ್ದ, ನಿಜ. ಆದರೆ ಅವಧಿ ಮುಗಿದವು, ನಮ್ಮ ದೇಶದಲ್ಲಿ ಹಾಕದೇ ಬಿಟ್ಟವು, ಲೆಕ್ಕವಿಲ್ಲದಷ್ಟು ಬಿದ್ದಿವೆ. ಸಂಘದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳಿದ್ದಾರೆ. ಊರಿನಲ್ಲಿ ಸಣ್ಣ ಕಾರ್ಖಾನೆ ನಡೆಸುವ ಅಣ್ಣತಮ್ಮಂದಿರು ಎಷ್ಟೋ ಮಂದಿಗೆ ಇದ್ದಾರೆ. ಯಾರಿಗಾದರೂ ಇಂಥದೊಂದನ್ನು ಹುಡುಕಿ ಬಿಡಿಸಿ ಓದಲು ಸಹಾಯ ಬೇಕಾದರೆ ಕೇಳಿ, ಶನಿವಾರಗಳಲ್ಲಿ ನಾನು ಬಿಡುವಾಗಿರುತ್ತೇನೆ. ಓದುವಾಗ ಮೊದಲನೆಯ ಪುಟದಲ್ಲಿರುವ ಹೆಸರುಗಳನ್ನೂ ಒಮ್ಮೆ ನೋಡಿ.